ಛೇದ ಮಹಾರಾಜ

ತನ್ನ ನಾದಿನಿ ತನ್ನದೇ ಶಾಲೆಗೆ ಕೆಲಸಕ್ಕೆ ಬರುತ್ತಿದ್ದಾಳೆ ಎಂಬ ಸುದ್ದಿ ಲೆಕ್ಕದ ಮೇಡಂಗೆ ಗೊತ್ತಾಗಿದ್ದು ಮನೆಯಲ್ಲಲ್ಲ, ಶಿಕ್ಷಕರ ಕೋಣೆಯ ಸಭೆಯಲ್ಲಿ. ಅದೂ ಎಲ್ಲರಿಗಿಂತ ಕೊನೆಗೆ, ಬಿಸ್ಕತ್ತಿನ ತಟ್ಟೆ ಖಾಲಿಯಾದ ಮೇಲೆ.

ಮುಖ್ಯೋಪಾಧ್ಯಾಯಿನಿ, ಅಂದರೆ ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಆ ವಾರ ಯಾವುದೋ ವಿಚಾರಗೋಷ್ಠಿಗೆ ಹೋಗಿ ಬಂದಿದ್ದರು. ಅವರು ಗೋಷ್ಠಿಗೆ ಹೋದರೆಂದರೆ ಶಿಕ್ಷಕರಿಗೆಲ್ಲ ಎದೆ ಡವಗುಟ್ಟುತ್ತಿತ್ತು. ಹಿಂದಿನ ಸಲ ಹೋಗಿ ಬಂದು ಬೆಂಚುಗಳನ್ನೆಲ್ಲ ದುಂಡಗೆ ಹಾಕಿಸಿದ್ದರು. ಅರ್ಧ ಮಕ್ಕಳು ಬೋರ್ಡಿಗೆ ಬೆನ್ನು ಮಾಡಿ ಕೂತು, ವರ್ಷವಿಡೀ ಕತ್ತು ಹೊರಳಿಸಿ ಹೊರಳಿಸಿ ನೋವು ತಂದುಕೊಂಡಿದ್ದರು. ಈ ಸಲ ತಂದದ್ದು ಮೆದುಳಿನ ಒಂದು ದೊಡ್ಡ ಚಿತ್ರಪಟ. ಎಡಗಡೆ ನೀಲಿ, ಬಲಗಡೆ ಕಿತ್ತಳೆ. ನೀಲಿಯೊಳಗೆ ಲೆಕ್ಕ, ವ್ಯಾಕರಣ, ತರ್ಕ ಎಂದು ಬರೆದಿತ್ತು. ಕಿತ್ತಳೆಯೊಳಗೆ ಹಾಡು, ಬಣ್ಣ, ನಾಟಕ. ನಾವು ಇಷ್ಟು ದಿನ ಬರೀ ನೀಲಿಗೆ ಪಾಠ ಮಾಡಿದ್ದೇವೆ, ಕಿತ್ತಳೆ ಪಾಪ ಕಿಟಕಿಯಾಚೆ ನೋಡುತ್ತಾ ಕೂತಿದೆ, ಇನ್ನು ಮೇಲೆ ನಮ್ಮದು ಪೂರ್ಣ ಮೆದುಳಿನ ಕಲಿಕೆ ಎಂದು ಅವರು ಸಾರಿದರು. ಮೆದುಳು ಹಾಗೆ ನಡುವೆ ಗೋಡೆ ಎಬ್ಬಿಸಿಕೊಂಡು ಪಾಲಾಗಿಲ್ಲ, ಯಾವ ಕೆಲಸಕ್ಕಾದರೂ ಎರಡೂ ಕಡೆ ಸೇರಿಯೇ ದುಡಿಯುತ್ತವೆ ಎಂದು ಜೀವಶಾಸ್ತ್ರದ ಮೇಷ್ಟ್ರು ಮೆಲ್ಲಗೆ ಹೇಳಿದರು. ತಾವು ಹೇಳುತ್ತಿರುವುದೂ ಅದನ್ನೇ ಎಂದು ದೊಡ್ಡ ಮೇಡಂ ಖುಷಿಯಿಂದ ತಲೆದೂಗಿ ಮುಂದಕ್ಕೆ ಹೋದರು.

ಇಷ್ಟು ವರ್ಷ ಮಕ್ಕಳು ನನ್ನ ಕ್ಲಾಸಿಗೆ ಅರ್ಧ ಮೆದುಳನ್ನು ಮನೆಯಲ್ಲಿ ಬಿಟ್ಟು ಬರುತ್ತಿದ್ದರೇನು ಎಂದು ಲೆಕ್ಕದ ಮೇಡಂ ಪಕ್ಕದವರ ಕಿವಿಯಲ್ಲಿ ಹೇಳಿ ನಕ್ಕರು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಏಳನೇ ತರಗತಿಗೆ ಒಬ್ಬ ರಂಗಶಿಕ್ಷಕಿ ಬರುತ್ತಾರೆ, ಅವರಿಗೆ ಬೇಕಾದ ಪೀರಿಯಡ್‌ಗಳನ್ನು ಅತಿ ಕಡಿಮೆ ಅಂಕ ಬರುತ್ತಿರುವ ವಿಷಯದಿಂದ, ಅಂದರೆ ಲೆಕ್ಕದಿಂದ, ಕೊಡಲಾಗುವುದು ಎಂದರು ದೊಡ್ಡ ಮೇಡಂ. ಆಮೇಲೆ ಲೆಕ್ಕದ ಮೇಡಂ ಕಡೆ ತಿರುಗಿ, ಮನೆಯವರೇ ಬರ್ತಿರೋದರಿಂದ ನಿಮಗೆ ಹೊಂದಿಕೊಳ್ಳೋದು ಸುಲಭ ಅಲ್ಲವೇ ಎಂದರು. ಇಡೀ ಕೋಣೆ ಲೆಕ್ಕದ ಮೇಡಂ ಮುಖ ನೋಡಿತು. ಅವರು ಎಲ್ಲವೂ ಮೊದಲೇ ಗೊತ್ತಿದ್ದವರಂತೆ ಹೌದು ಹೌದು ಎಂದು ತಲೆಯಾಡಿಸಿದರು.

ನಾದಿನಿ ಇದ್ದದ್ದು ಅವರ ಮನೆಯ ಮಹಡಿಯ ಕೋಣೆಯಲ್ಲಿ. ಅವಳ ನಾಟಕದ ತಂಡಕ್ಕೆ ತಾಲೀಮಿನ ಜಾಗ ಕೈತಪ್ಪಿದ ಮೇಲೆ ಅಲ್ಲಿ ಇಲ್ಲಿ ಮಕ್ಕಳ ಶಿಬಿರ ಮಾಡಿಕೊಂಡಿದ್ದಳು. ಬೆಳಿಗ್ಗೆ ಮಹಡಿಯಿಂದ ಹುಲಿಯ ಘರ್ಜನೆ ಕೇಳಿದರೆ ಧ್ವನಿ ಸಾಧನೆ ನಡೆದಿದೆ ಎಂದು ಅರ್ಥ. ಒಂದೇ ಸೂರಿನ ಕೆಳಗಿದ್ದು, ಒಂದೇ ಪಾತ್ರೆಯ ಅನ್ನ ಉಂಡು, ಈ ಮಾತನ್ನು ಹೇಗೆ ಮುಚ್ಚಿಟ್ಟೆ ಎಂದು ಅತ್ತಿಗೆ ಆ ಸಂಜೆ ಕೇಳಿದಾಗ, ಹೇಳಿದ್ದರೆ ಬೇಡ ಅಂತಿದ್ದಿರಿ, ಅದಕ್ಕೇ ಹೇಳಲಿಲ್ಲ ಎಂದಳು. ಅದು ನಿಜವೇ ಆಗಿದ್ದರಿಂದ ಅತ್ತಿಗೆಯ ಸಿಟ್ಟು ಇನ್ನೂ ಏರಿತು. ಗಂಡನಿಗೂ ಗೊತ್ತಿತ್ತಂತೆ. ಆತ ಹೆಂಡತಿ ಮತ್ತು ತಂಗಿಯ ನಡುವೆ ಮಾತು ಬಿಸಿಯಾದಾಗಲೆಲ್ಲ ತಾರಸಿಯ ಗಿಡಗಳಿಗೆ ನೀರು ಹಾಕಲು ಹೋಗುವ ಮನುಷ್ಯ. ನಾದಿನಿ ಮಹಡಿಗೆ ಬಂದ ಮೇಲೆ ಅರ್ಧ ಗಿಡಗಳು ಬೇರು ಕೊಳೆತು ಸತ್ತಿದ್ದವು.

ಶಾಲೆಯಲ್ಲಿ ನಾದಿನಿ ಮೊದಲ ದಿನವೇ ಡೆಸ್ಕುಗಳನ್ನು ಗೋಡೆಗೆ ಒತ್ತರಿಸಿ, ಮಕ್ಕಳ ಚಪ್ಪಲಿ ಬಿಡಿಸಿ, ನೆಲದ ಮೇಲೆ ಮಲಗಿಸಿ ಉಸಿರು ಗಮನಿಸಿ ಎಂದಳು. ಮಕ್ಕಳಿಗೆ ಹಬ್ಬವಾಯಿತು. ಪಕ್ಕದ ಕ್ಲಾಸಿನ ಚರಿತ್ರೆಯ ಮೇಷ್ಟ್ರು ಸದ್ದಿಗೆ ಬೇಸತ್ತು ಬಾಗಿಲಿಗೆ ಬಂದು ನಿಂತರೆ ಅವರನ್ನೂ ಒಳಗೆಳೆದು ಮರವಾಗಿ ನಿಲ್ಲಿಸಿದಳು. ಲೆಕ್ಕದ ಮೇಡಂ ಹಿಂದೆ ಒಂದು ಕುರ್ಚಿ ಹಾಕಿಕೊಂಡು, ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ಕೂತರು. ತಮ್ಮ ಪೀರಿಯಡ್ ಕಣ್ಣೆದುರೇ ಕರಗಿಹೋಗುವುದನ್ನು ನೋಡುವುದು ಬಿಟ್ಟರೆ ಅವರಿಗೆ ಅಲ್ಲಿ ಬೇರೆ ಕೆಲಸವಿರಲಿಲ್ಲ.

ಪಾಠ ಭಿನ್ನರಾಶಿ. ನಾದಿನಿ ಅದಕ್ಕೊಂದು ನಾಟಕ ಕಟ್ಟಿದಳು. ಗೆರೆಯ ಮೇಲಿನವನು ಅಂಶ, ಬಡ ಪ್ರಜೆ. ಗೆರೆಯ ಕೆಳಗಿನವನು ಛೇದ, ಮಹಾರಾಜ. ಎರಡು ಎಂಬ ಛೇದನಿಗೆ ಕಾಗದದ ಟೋಪಿ, ನಾಲ್ಕಕ್ಕೆ ರಟ್ಟಿನ ಪೇಟ, ಎಂಟಕ್ಕೆ ಚಿನ್ನದ ಬಣ್ಣ ಹಚ್ಚಿದ ಮೊಳದುದ್ದದ ಕಿರೀಟ. ಎಂಟು ಎಂಬ ಮಹಾರಾಜನ ಪಾತ್ರ ಸಿಕ್ಕಿದ್ದು ಹಿಂದಿನ ಬೆಂಚಿನ ಒಬ್ಬ ಹುಡುಗಿಗೆ. ಅವಳ ದನಿ ದೊಡ್ಡದು, ಅದಕ್ಕೇ ಎಲ್ಲರೂ ಅವಳನ್ನು ಗುಡುಗು ಎಂದು ಕರೆಯುತ್ತಿದ್ದರು. ಆ ದನಿ ಲೆಕ್ಕದ ಕ್ಲಾಸಿನಲ್ಲಿ ಮಾತ್ರ ಒಮ್ಮೆಯೂ ಕೇಳಿಬಂದದ್ದಿಲ್ಲ. ಈಗ ಅವಳು ಕಿರೀಟ ಹೊತ್ತು ಬಾಗಿಲಿನಿಂದ ಒಳಗೆ ಬಂದರೆ ಉಳಿದವರೆಲ್ಲ ‘ಎಂಟು ಬಂತು, ದಾರಿ ಬಿಡಿ’ ಎಂದು ನೆಲಕ್ಕೆ ಬಾಗುತ್ತಿದ್ದರು. ಆ ಕೂಗು ಮೆಟ್ಟಿಲ ಮೇಲೆ, ನಲ್ಲಿಯ ಹತ್ತಿರ, ಶಾಲೆ ಬಿಟ್ಟ ಮೇಲೆ ಬೀದಿಯಲ್ಲೂ ಕೇಳತೊಡಗಿತು.

ತಿಂಗಳ ಪರೀಕ್ಷೆಯಲ್ಲಿ ಲೆಕ್ಕದ ಮೇಡಂ ಸುಲಭದ ಪ್ರಶ್ನೆಯೊಂದನ್ನು ಕೊಟ್ಟರು: ಅರ್ಧ, ಕಾಲು, ಎಂಟನೇ ಒಂದು, ಇವನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆಯಿರಿ. ಉತ್ತರ ಪತ್ರಿಕೆಗಳನ್ನು ಮನೆಯಲ್ಲಿ ತಿದ್ದಲು ಕೂತವರಿಗೆ ತಲೆ ಧಿಮ್ಮೆಂದಿತು. ಹೆಚ್ಚುಕಡಿಮೆ ಇಡೀ ಕ್ಲಾಸು ಅರ್ಧವನ್ನು ಎಲ್ಲಕ್ಕಿಂತ ಚಿಕ್ಕದು ಮಾಡಿ, ಎಂಟನೇ ಒಂದನ್ನು ಎಲ್ಲಕ್ಕಿಂತ ದೊಡ್ಡದು ಮಾಡಿತ್ತು. ಸಂಶಯವಿಲ್ಲದೆ, ಚಿತ್ತುಕಾಟಿಲ್ಲದೆ, ದುಂಡಗಿನ ಅಕ್ಷರದಲ್ಲಿ. ಒಬ್ಬನಂತೂ ಎಂಟರ ತಲೆಯ ಮೇಲೆ ಕಿರೀಟವನ್ನೂ ಬರೆದಿದ್ದ.

ಅವರು ಪತ್ರಿಕೆಗಳ ಕಟ್ಟನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲೆ, ನಾದಿನಿ ಹೆಚ್ಚುತ್ತಿದ್ದ ತರಕಾರಿಯ ಪಕ್ಕದಲ್ಲೇ ಕುಕ್ಕಿದರು. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದೆಲ್ಲ ಹೊರಬಿತ್ತು. ಬಾಯಿಪಾಠದ ಮಕ್ಕಳನ್ನು ತಿದ್ದಬಹುದು, ಏನೂ ಗೊತ್ತಿಲ್ಲದ ಮಕ್ಕಳಿಗೆ ಕಲಿಸಬಹುದು, ತಪ್ಪನ್ನೇ ಕುಣಿದು ಹಾಡಿ ಮೈಗೆ ಇಳಿಸಿಕೊಂಡ ಮಕ್ಕಳನ್ನು ಏನು ಮಾಡಲಿ ಎಂದರು. ನಿನ್ನ ಕಿತ್ತಳೆ ಬಣ್ಣ ನನ್ನ ನೀಲಿಯನ್ನು ನುಂಗಿ ನೀರು ಕುಡಿಯಿತು ಎಂದರು. ಗಂಡ ಚಪ್ಪಲಿ ಮೆಟ್ಟಿ ತಾರಸಿಗೆ ಹೋದದ್ದು ಕೇಳಿಸಿತು.

ನಾದಿನಿ ಒಂದೊಂದೇ ಪತ್ರಿಕೆ ತಿರುವಿದಳು. ಅವಳ ಮುಖ ಇಳಿದಿತ್ತು, ಆದರೆ ಸೋತವಳ ಹಾಗಿರಲಿಲ್ಲ.

“ಅತ್ತಿಗೆ, ತಪ್ಪು ನನ್ನದೇ. ಒಪ್ಕೊಂಡೆ. ಆದ್ರೆ ಒಂದು ಮಾತು ಕೇಳ್ಲಾ? ಇವರಲ್ಲಿ ಒಬ್ರೂ ಮರ್ತಿಲ್ಲ. ಹೋದ ವರ್ಷ ಇದನ್ನೇ ನೀವು ಸರಿಯಾಗಿ ಹೇಳ್ಕೊಟ್ಟಿದ್ರಲ್ಲ, ಅದು ಎಷ್ಟು ಮಕ್ಕಳಿಗೆ ನೆನಪಿತ್ತು?”

ಉತ್ತರ ಇಲ್ಲದ ಪ್ರಶ್ನೆ ಕೇಳಿದವರ ಮೇಲೆ ಬರುವಷ್ಟು ಸಿಟ್ಟು ಬೇರೆ ಯಾರ ಮೇಲೂ ಬರುವುದಿಲ್ಲ. ಆ ರಾತ್ರಿ ಇಬ್ಬರೂ ಮಾತು ಬಿಟ್ಟರು. ಉಪ್ಪಿನ ಡಬ್ಬಿಯನ್ನು ಸಹ ಗಂಡನ ಮೂಲಕವೇ ದಾಟಿಸಿಕೊಂಡರು.

ಭಾನುವಾರ ಮಧ್ಯಾಹ್ನ ನಾದಿನಿಯೇ ಕೆಳಗಿಳಿದು ಬಂದಳು. ತನಗೆ ಭಿನ್ನರಾಶಿ ಯಾವತ್ತೂ ಅರ್ಥವಾಗಿಲ್ಲ, ಚಿಕ್ಕಂದಿನಲ್ಲಿ ಅಣ್ಣನೇ ಲೆಕ್ಕ ಮಾಡಿಕೊಡುತ್ತಿದ್ದ, ಹೇಳಿಕೊಡಿ ಎಂದಳು. ಅತ್ತಿಗೆ ಬಿಗುಮಾನದಿಂದಲೇ ಕಾಗದ ತೆಗೆದು ದುಂಡನೆಯ ವೃತ್ತ ಬರೆದು, ಎರಡು ಭಾಗ, ನಾಲ್ಕು ಭಾಗ, ಎಂಟು ಭಾಗ ಮಾಡಿ ತೋರಿಸಿದರು. ನಾದಿನಿ ತಲೆಯಾಡಿಸಿದಳು. ಆಯಿತಲ್ಲ, ಈಗ ಆರನೇ ಒಂದು ದೊಡ್ಡದೋ ಐದನೇ ಒಂದು ದೊಡ್ಡದೋ ಹೇಳು ಎಂದರೆ, ಆರನೇ ಒಂದು ಎಂದಳು. ಮತ್ತೆ ಬರೆದರು, ಮತ್ತೆ ತಲೆಯಾಡಿಸಿದಳು, ಮತ್ತೆ ತಪ್ಪು ಹೇಳಿದಳು. ಅತ್ತಿಗೆ ಪೆನ್ನನ್ನು ಮೇಜಿನ ಮೇಲೆ ಎಸೆದರು.

“ಅರ್ಥ ಆಗದೆ ತಲೆ ಯಾಕೆ ಆಡಿಸ್ತೀಯ?”

“ನೀವು ಹೇಳುವಾಗ ಅರ್ಥ ಆಗುತ್ತೆ. ನೀವು ನಿಲ್ಲಿಸಿದ ತಕ್ಷಣ, ಆರು ಐದಕ್ಕಿಂತ ದೊಡ್ಡದು ಅಂತ ಒಳಗಿಂದ ಯಾರೋ ಕೂಗ್ತಾರೆ.”

ಆ ತಲೆಯಾಡಿಸುವಿಕೆ ಅತ್ತಿಗೆಗೆ ಚೆನ್ನಾಗಿ ಪರಿಚಯವಿತ್ತು. ಪ್ರತಿದಿನ ಇಡೀ ಕ್ಲಾಸು ಹಾಗೇ ತಲೆಯಾಡಿಸುತ್ತಿತ್ತು, ಅದನ್ನು ನಂಬಿಯೇ ಅವರು ಬೋರ್ಡು ಒರೆಸುತ್ತಿದ್ದರು.

ಪಕ್ಕದ ಕೋಣೆಯಲ್ಲಿ ಅತ್ತೆ ಬೆಡ್‌ಶೀಟು ಹೊದ್ದು ಮಲಗಿದ್ದರು. ನಾದಿನಿ ಏನನ್ನಿಸಿತೋ, ಎದ್ದು ಹೋಗಿ ಅಮ್ಮನ ಪಕ್ಕ ನುಗ್ಗಿ ಅರ್ಧ ಬೆಡ್‌ಶೀಟು ಎಳೆದುಕೊಂಡಳು. ಅತ್ತಿಗೆಯನ್ನೂ ಬನ್ನಿ ಎಂದಳು. ಇದೆಂಥ ಹುಡುಗಾಟ ಎಂದು ಗೊಣಗುತ್ತಲೇ ಅವರು ಮಂಚದ ತುದಿಯಲ್ಲಿ ಕೂತು ಅಂಚು ಹಿಡಿದರು. ಟೀ ಕೇಳಲು ಬಂದ ಗಂಡನನ್ನೂ ನಾದಿನಿ ಕೈಹಿಡಿದು ಎಳೆದು ಕೆಡವಿದಳು. ನಿದ್ದೆ ಕೆಟ್ಟ ಅತ್ತೆ ಬೈಯತೊಡಗಿದರು.

“ಏನ್ರೇ ನಿಮಗೆಲ್ಲ ಬಂದಿರೋದು? ಜನ ಹೆಚ್ಚಾದಷ್ಟೂ ನನ್ನ ಹೊದಿಕೆ ಹೋಯ್ತು. ಈಗ ಕಾಲೂ ಉಳೀಲಿಲ್ಲ.”

“ಕಾಲು ಉಳಿದಿದೆ ಅಮ್ಮ,” ಎಂದಳು ನಾದಿನಿ. “ನಾಲ್ಕು ಜನ ಇದೀವಿ. ಒಬ್ಬೊಬ್ಬರಿಗೂ ಕಾಲು.” ಹೇಳಿದವಳು ತಾನೇ ಬೆಚ್ಚಿದಂತೆ ಎದ್ದು ಕೂತಳು. ಎಂಟು ಜನ ನುಗ್ಗಿದರೆ ಮಂಡಿ ಮುಚ್ಚುವಷ್ಟೂ ಸಿಗುವುದಿಲ್ಲ ಎಂದಳು. ಕೆಳಗಿನ ಸಂಖ್ಯೆ ಎಂದರೆ ಎಷ್ಟು ಜನ ಎಳೆಯುತ್ತಿದ್ದಾರೆ ಅನ್ನುವುದು, ಅಲ್ಲವೇ ಎಂದಳು. ಅತ್ತಿಗೆ ಆರನೇ ಒಂದು, ಐದನೇ ಒಂದು ಎಂದು ಮತ್ತೆ ಕೇಳಿದರು, ಒಂಬತ್ತು, ಹನ್ನೊಂದು ಎಂದು ಕೇಳಿದರು. ಒಂದೂ ತಪ್ಪಲಿಲ್ಲ. ಇದನ್ನೇ ನಾನು ವೃತ್ತ ಬರೆದು ಹೇಳಿದ್ದು ಎಂದು ಅವರು ಎಷ್ಟು ಹೇಳಿದರೂ ನಾದಿನಿ ಒಪ್ಪಲಿಲ್ಲ. ವೃತ್ತದೊಳಗೆ ತನಗೆ ಚಳಿಯಾಗಿರಲಿಲ್ಲ ಎಂದಳು.

ನಾಟಕ ಬದಲಾಯಿತು. ಈಗ ಮಹಾರಾಜರೆಲ್ಲ ಚಳಿಯಲ್ಲಿ ಒಂದೊಂದೇ ಹೊದಿಕೆಯೊಂದಿಗೆ ಸಿಕ್ಕಿಬಿದ್ದಿದ್ದಾರೆ. ಎರಡರ ಮನೆಯಲ್ಲಿ ಇಬ್ಬರು ಬೆಚ್ಚಗೆ, ಎಂಟರ ಅರಮನೆಯಲ್ಲಿ ಎಂಟು ಜನ ಗಡಗಡ. ಮಕ್ಕಳೆಲ್ಲ ಕುಣಿದಾಡಿ ಒಪ್ಪಿದರು, ಗುಡುಗು ಒಬ್ಬಳನ್ನು ಬಿಟ್ಟು. ಅವಳು ಕಿರೀಟವನ್ನು ಮೇಜಿನ ಮೇಲಿಟ್ಟು, ಮೊದಲಿನ ಹಾಗೆ ಹಿಂದಿನ ಬೆಂಚಿಗೆ ಹೋಗಿ ಕೂತುಬಿಟ್ಟಳು. ರಾಜನಾದ ಮೇಲೆ ಅವಳು ಮುಂದಿನ ಸಾಲಿಗೆ ಬಂದಿದ್ದಳು, ಒಂದೆರಡು ಸಲ ಕೈಯೂ ಎತ್ತಿದ್ದಳು. ನೀನು ಹಚ್ಚಿದ ಬೆಂಕಿ, ನೀನೇ ಆರಿಸು ಎಂದು ಅತ್ತಿಗೆ ನಾದಿನಿಗೆ ಹೇಳಿದರು. ಅವಳನ್ನು ಅಳಿಸದೆ ಚಿಕ್ಕವಳನ್ನಾಗಿ ಮಾಡುವುದು ತನ್ನಿಂದಾಗದು, ಇದು ಲೆಕ್ಕದವರ ಕೆಲಸ ಎಂದಳು ನಾದಿನಿ. ಇಬ್ಬರೂ ಬಾಗಿಲ ಬಳಿ ನಿಂತು ಪಿಸುದನಿಯಲ್ಲಿ ಜಗಳವಾಡಿದರು. ಕೊನೆಗೆ ಲೆಕ್ಕದ ಮೇಡಂ ಹೋಗಿ ಆ ಬೆಂಚಿನ ಮೇಲೆ ಹುಡುಗಿಯ ಪಕ್ಕ ಇಕ್ಕಟ್ಟಾಗಿ ಕೂತರು. ಅಲ್ಲಿಂದ ಬೋರ್ಡು ಎಷ್ಟು ದೂರ ಕಾಣುತ್ತದೆ ಎಂಬುದು ಅವರಿಗೆ ಅಂದೇ ತಿಳಿದದ್ದು.

“ಎಂಟು ದೊಡ್ಡದು ಅಂತ ಒಂದನೇ ಕ್ಲಾಸಿಂದ ನೀವೆಲ್ಲ ಹೇಳಿದ್ದು,” ಎಂದಳು ಹುಡುಗಿ ತಲೆ ಎತ್ತದೆ. “ಈಗ ಚಿಕ್ಕದು ಅಂತೀರ.”

“ಎಂಟು ಈಗಲೂ ದೊಡ್ಡದೇ. ಅದು ಗುಂಪು. ಗುಂಪು ದೊಡ್ಡದಾಗಿದ್ದಕ್ಕೇ ಪಾಲು ಚಿಕ್ಕದಾಯ್ತು.”

“ಹಂಗಾದ್ರೆ ನಾನು ಗುಂಪಾ, ಪಾಲಾ?”

ಇಷ್ಟು ವರ್ಷದ ಪಾಠದಲ್ಲಿ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ. ಅಂಶ, ಛೇದ ಎಂದು ಗೆರೆ ಎಳೆದು ತೋರಿಸಿ ಮುಂದಿನ ಪುಟಕ್ಕೆ ಹೋಗಿಬಿಡುತ್ತಿದ್ದರು. ಈಗ ಅವರು, ಗೆರೆಯ ಕೆಳಗೆ ಇರೋದು ಗುಂಪು, ಮೇಲೆ ಇರೋದು ಅದರಲ್ಲಿ ನಿನ್ನ ಕೈಗೆ ಬಂದ ಪಾಲುಗಳು ಎಂದರು. ಎಂಟೂ ಪಾಲು ನನ್ನ ಕೈಗೇ ಬಂದರೆ ಎಂದಳು ಹುಡುಗಿ. ಆಗ ಹೊದಿಕೆ ಪೂರ್ತಿ ನಿನ್ನದು ಎಂದರು ಮೇಡಂ. ಹುಡುಗಿ ಅದನ್ನು ತೂಗಿ ನೋಡಿದಳು. ಮಾರನೇ ದಿನ ಕಿರೀಟ ಅವಳ ತಲೆಯ ಮೇಲಿತ್ತು.

ಪ್ರದರ್ಶನದ ದಿನ ಸಭಾಂಗಣ ತುಂಬ ತಂದೆತಾಯಂದಿರು. ಮುಂದಿನ ಸಾಲಿನಲ್ಲಿ ದೊಡ್ಡ ಮೇಡಂ, ಅವರ ಪಕ್ಕ ಶಿಕ್ಷಣ ಇಲಾಖೆಯ ಅಧಿಕಾರಿ. ಹೊದಿಕೆ ವೇದಿಕೆಗೆ ಬಂದಾಗ ಲೆಕ್ಕದ ಮೇಡಂ ಕೂತಲ್ಲೇ ಮುಂದಕ್ಕೆ ಬಾಗಿದರು. ಅದು ಅವರ ತವರಿನವರು ಮದುವೆಯಲ್ಲಿ ಕೊಟ್ಟಿದ್ದ, ಬಳಸಿದರೆ ಹಾಳಾದೀತು ಎಂದು ಬೀರುವಿನ ತಳದಲ್ಲಿ ಇಟ್ಟಿದ್ದ ನೀಲಿ ಅಂಚಿನ ಬೆಡ್‌ಶೀಟು. ಪರದೆಯ ಮರೆಯಲ್ಲಿ ನಿಂತಿದ್ದ ನಾದಿನಿ ಅತ್ತಿಗೆಯ ಕಡೆ ನೋಡಲೇ ಇಲ್ಲ.

ಎಂಟರ ಅರಮನೆಯ ದೃಶ್ಯದಲ್ಲಿ ಮಕ್ಕಳು ಎಷ್ಟು ಚೆನ್ನಾಗಿ ಎಳೆದಾಡಿದರೆಂದರೆ ಬೆಡ್‌ಶೀಟು ಚರ್ರನೆ ಹರಿದು ಎರಡಾಯಿತು. ಸಭೆ ನಕ್ಕಿತು. ಒಬ್ಬ ಹುಡುಗ ಸಮಯಸ್ಫೂರ್ತಿಯಿಂದ, ಇನ್ನು ಎಲ್ಲರೂ ಅರ್ಧರ್ಧ ಮಹಾರಾಜರು ಎಂದ. ಚಪ್ಪಾಳೆ ಬಿತ್ತು. ದೊಡ್ಡ ಮೇಡಂ ಅಧಿಕಾರಿಯನ್ನು ಟೀ ಕುಡಿಯಲು ಎಬ್ಬಿಸಿಕೊಂಡು ಹೊರಟರು, ನಾಟಕ ಮುಗಿಯಿತು ಎಂದುಕೊಂಡು.

“ನಿಲ್ಸಿ,” ಎಂದಳು ಗುಡುಗು. ಆ ದನಿಗೆ ಚಪ್ಪಾಳೆ ನಿಂತಿತು. “ಇದು ಅರ್ಧ ಅಲ್ಲ. ಎರಡು ತುಂಡಾದ ಮಾತ್ರಕ್ಕೆ ಅರ್ಧ ಆಗಲ್ಲ. ಸಮ ಇಲ್ಲ ನೋಡಿ.”

ಬರೆದ ನಾಟಕದಲ್ಲಿ ಈ ಮಾತಿರಲಿಲ್ಲ. ಮಕ್ಕಳು ನಾದಿನಿಯತ್ತ ನೋಡಿದರು, ನಾದಿನಿ ಅತ್ತಿಗೆಯತ್ತ ನೋಡಿದಳು. ಲೆಕ್ಕದ ಮೇಡಂಗೆ ತಾವು ಎದ್ದದ್ದು, ಮೆಟ್ಟಿಲು ಹತ್ತಿದ್ದು ಒಂದೂ ಗೊತ್ತಾಗಲಿಲ್ಲ. ವೇದಿಕೆಯ ಮೇಲೆ ನಿಂತು, ಅರ್ಧ ಅಲ್ಲದಿದ್ದರೆ ಮತ್ತೆ ಎಷ್ಟು ಎಂದು ಕೇಳುತ್ತಿದ್ದರು.

ಮಕ್ಕಳು ದೊಡ್ಡ ತುಂಡನ್ನು ನೆಲಕ್ಕೆ ಹಾಸಿ ಅದರ ಮೇಲೆ ಚಿಕ್ಕದನ್ನು ಇಟ್ಟರು. ಒಂದು ಸಲ ಕೂತಿತು, ಎರಡು ಸಲ ಕೂತಿತು, ಆಮೇಲೂ ಸ್ವಲ್ಪ ಉಳಿಯಿತು. ಇದನ್ನೂ ಸೇರಿಸಿದರೆ ಮೂರು, ಚಿಕ್ಕ ತುಂಡು ಇಡೀ ಬೆಡ್‌ಶೀಟಿನ ಮೂರನೇ ಒಂದು ಎಂದು ಯಾರೋ ಅಂದರು. ಉಳಿದದ್ದನ್ನು ಏನು ಮಾಡುತ್ತೀರಿ ಎಂದು ಇನ್ನೊಬ್ಬಳು ಜಗಳಕ್ಕೆ ನಿಂತಳು. ಅಪ್ಪಂದಿರಲ್ಲಿ ಒಬ್ಬರು ಕೂತಲ್ಲಿಂದಲೇ, ಅಷ್ಟು ಚೂರಿಗೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂದರೆ, ಅವರ ಹೆಂಡತಿಯೇ ಮಕ್ಕಳ ಪರವಾಗಿ ಮಾತಾಡಿ ಅವರನ್ನು ಸುಮ್ಮನಿರಿಸಿದರು. ಗುಡುಗು ಕಿರೀಟ ತೆಗೆದು ಕಂಕುಳಲ್ಲಿ ಇರುಕಿಕೊಂಡು, ನೆಲಕ್ಕೆ ಬಗ್ಗಿ, ಉಳಿದ ಪಟ್ಟಿಯನ್ನು ಅಂಗೈಯಲ್ಲಿ ಅಳೆದು ನೋಡಿದಳು.

“ಉಳಿದಿದ್ದು ಈ ತುಂಡಿನಷ್ಟು ಇಲ್ಲ,” ಎಂದಳು ನಿಧಾನವಾಗಿ. “ಏನೂ ಉಳೀದೆ ಇದ್ದಿದ್ರೆ ಮೂರನೇ ಒಂದು. ಇನ್ನೊಂದು ಪೂರ್ತಿ ತುಂಡು ಉಳಿದಿದ್ರೆ ಕಾಲು. ಹಂಗಾದ್ರೆ ಇದು ಮೂರನೇ ಒಂದಕ್ಕಿಂತ ಚಿಕ್ಕದು, ಕಾಲಿಗಿಂತ ದೊಡ್ಡದು.”

ಈ ಸಲ ತಲೆಯಾಡಿಸಿದ್ದು ಲೆಕ್ಕದ ಮೇಡಂ.

ಅಧಿಕಾರಿ ಇದ್ಯಾವುದನ್ನೂ ನೋಡಲಿಲ್ಲ. ಅವರ ವರದಿಯಲ್ಲಿ ವೇಷಭೂಷಣ ಆಕರ್ಷಕವಾಗಿತ್ತು, ಕಾರ್ಯಕ್ರಮ ನಿಗದಿತ ಸಮಯಕ್ಕೆ ಮುಗಿಯಲಿಲ್ಲ ಎಂದಿತ್ತು. ಮುಂದಿನ ಪರೀಕ್ಷೆಯಲ್ಲಿ ಬಹಳ ಮಕ್ಕಳು ಸರಿ ಬರೆದರು. ಕೆಲವರ ತಲೆಯಿಂದ ಮಾತ್ರ ಹಳೆಯ ಮಹಾರಾಜ ಇಳಿದಿರಲೇ ಇಲ್ಲ. ಅವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ತಿದ್ದುವಷ್ಟರಲ್ಲಿ ಲೆಕ್ಕದ ಮೇಡಂಗೆ ಸಾಕುಸಾಕಾಯಿತು. ಬೆಡ್‌ಶೀಟಿನ ವಿಷಯಕ್ಕೆ ಮನೆಯಲ್ಲಿ ಬೇರೆಯದೇ ಒಂದು ಮಹಾಯುದ್ಧ ನಡೆಯಿತು, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಹೊಸ ಅವಧಿ ಶುರುವಾಗುವ ಮೊದಲು ದೊಡ್ಡ ಮೇಡಂ ಮತ್ತೊಂದು ಗೋಷ್ಠಿಗೆ ಹೋಗಿ ಬಂದರು. ಈ ಸಲ ಅವರು ತಂದದ್ದು ಮೌನ ಕಲಿಕೆ. ಮಕ್ಕಳು ದಿನಕ್ಕೊಂದು ಪೀರಿಯಡ್ ಸದ್ದಿಲ್ಲದೆ ಕೂರಬೇಕು, ರಂಗಶಿಕ್ಷಣ ಮುಗಿಯಿತು ಎಂದರು. ಲೆಕ್ಕದ ಮೇಡಂ ತಾವು ಬಯಸಿದ್ದು ಇದನ್ನೇ ಅಲ್ಲವೇ ಎಂದುಕೊಂಡು ತಮ್ಮ ಪೀರಿಯಡ್‌ಗಳು ವಾಪಸು ಬಂದಿರುವ ವೇಳಾಪಟ್ಟಿಯನ್ನು ನೋಡಿದರು. ನೋಡುತ್ತಾ ನೋಡುತ್ತಾ ಅವರಿಗೆ ರೇಗಿಹೋಯಿತು. ಎದ್ದು ನೇರವಾಗಿ ದೊಡ್ಡ ಮೇಡಂ ಕೋಣೆಗೆ ನುಗ್ಗಿದರು.

ಬಿತ್ತಿದ್ದು ಮೊಳಕೆಯೊಡೆಯುವ ಮೊದಲೇ ಕಿತ್ತು ನೋಡಿದರೆ ಯಾವ ಮೆದುಳೂ ಕಲಿಯುವುದಿಲ್ಲ, ನೀಲಿಯೂ ಇಲ್ಲ ಕಿತ್ತಳೆಯೂ ಇಲ್ಲ ಎಂದರು. ನಾಟಕದಲ್ಲಿ ತಪ್ಪಾಯಿತು, ಆ ತಪ್ಪು ಎಲ್ಲರ ಕಣ್ಣಿಗೆ ಕಂಡಿತು, ಅದಕ್ಕೇ ತಿದ್ದಲು ಸಾಧ್ಯವಾಯಿತು, ತಮ್ಮ ಕ್ಲಾಸಿನಲ್ಲಿ ತಪ್ಪುಗಳೆಲ್ಲ ತಲೆಯಾಡಿಸಿಕೊಂಡು ತಣ್ಣಗೆ ಕೂತಿದ್ದವು ಎಂದರು. ದೊಡ್ಡ ಮೇಡಂ ಬೆರಗಾಗಿ, ನೀವೇ ಅಲ್ಲವೇ ಇದನ್ನು ವಿರೋಧಿಸುತ್ತಿದ್ದದ್ದು ಎಂದು ಕೇಳಿದರು.

“ಹೌದು ಮೇಡಂ, ಈಗಲೂ ಅವಳ ಜೊತೆ ನನಗೆ ಆಗಲ್ಲ. ಆದ್ರೆ ಅವಳಿಲ್ಲದೆ ದಶಮಾಂಶ ಶುರು ಮಾಡಲ್ಲ.”

ವಾರಕ್ಕೆ ಒಂದು ಪೀರಿಯಡ್, ಅದೂ ಶನಿವಾರದ ಕೊನೆಯದು, ಸಿಕ್ಕಿತು. ಅಷ್ಟಾದರೂ ಗಿಟ್ಟಿತಲ್ಲ ಎಂದುಕೊಂಡು ಅತ್ತಿಗೆ ಮನೆಗೆ ಬಂದು ಹೇಳಿದರೆ, ನಾದಿನಿ ಥ್ಯಾಂಕ್ಸ್ ಹೇಳುವುದು ಬಿಟ್ಟು, ಶನಿವಾರ ಕೊನೆಯ ಹೊತ್ತಿಗೆ ಮಕ್ಕಳ ಮೈಯಲ್ಲಿ ಜೀವವೇ ಇರುವುದಿಲ್ಲ ಎಂದು ಮುಖ ಗಂಟಿಕ್ಕಿದಳು. ಆ ಶನಿವಾರ ಇಬ್ಬರೂ ಒಟ್ಟಿಗೆ ಶಾಲೆಗೆ ನಡೆದುಕೊಂಡು ಹೋದರು. ದಶಮಾಂಶ ಬಿಂದುವಾಗಿ ಒಂದು ಮಗು ಉಸಿರು ಬಿಗಿಹಿಡಿದು ಕುಕ್ಕರುಗಾಲಲ್ಲಿ ಕೂರಲಿ, ಸಂಖ್ಯೆಗಳು ಅದರ ಸುತ್ತ ಓಡಾಡಲಿ ಎಂದು ನಾದಿನಿ ಹೇಳಿದಳು. ಬಿಂದುವಿಗೆ ಬೆಲೆಯಿಲ್ಲ, ಅದು ಬರೀ ಗುರುತು, ಅದನ್ನೇನಾದರೂ ರಾಜ ಗೀಜ ಮಾಡಿದರೆ ನಾನು ಅಲ್ಲೇ ಎದ್ದು ಹೋಗುತ್ತೇನೆ ಎಂದರು ಅತ್ತಿಗೆ. ಹಾಗಾದರೆ ಕಾವಲುಗಾರ ಮಾಡೋಣ ಎಂದಳು ಅವಳು. ಯಾವುದರ ಕಾವಲು, ಮೊದಲು ಅದನ್ನು ಹೇಳು ಎಂದು ಅತ್ತಿಗೆ ನಡುಬೀದಿಯಲ್ಲೇ ನಿಂತುಬಿಟ್ಟರು.